ಎದೆಗೆ ಕೇಳಿಸುವ ನಾದ

ವಾಚಕ ಬಂಧುಗಳ ಮುಂದೆ ನಾವು ಈ ತಿಂಗಳು ಒಂದು ಗುಟ್ಟನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಅಂಕಣದಲ್ಲಿ ಗಡಿನಾಡಿನ ಕನ್ನಡ ಶಾಲೆಗಳ ಪಟಸಂಖ್ಯೆ, ಮಕ್ಕಳ ಶುದ್ಧಲೇಖನ, ನಮ್ಮ ಜತ್ತ ಸೀಮೆಯ ನೀರಿನ ಬರ, ವಚನ, ತ್ರಿಪದಿ ಇಂಥ ವಿಷಯಗಳನ್ನೇ ಕುರಿತು ಬರೆಯುತ್ತ ಬಂದವರು ನಾವು. ಹೀಗಿರಲು, ನಿವೃತ್ತಿಗೆ ಎರಡು ವರ್ಷವುಳಿದ ಹಳ್ಳಿಯ ಮುಖ್ಯಾಧ್ಯಾಪಕನೊಬ್ಬ ರಾತ್ರಿ ಊಟ ಮುಗಿದ ಮೇಲೆ ಅಂಗಳದ ಹೊರಸಿನ ಮೇಲೆ ಕುಳಿತು, ಕಿವಿ ಮುಚ್ಚುವ ಹೆಡ್‌ಫೋನ್ ಧರಿಸಿ, ಡಬ್‌ಸ್ಟೆಪ್ ಎಂಬ ವಿದೇಶೀ ಯಂತ್ರಸಂಗೀತವನ್ನು ಕೇಳುತ್ತಾನೆಂದರೆ ಯಾರು ನಂಬಿಯಾರು? ಆದರೂ ಅದು ನಿಜ. ಮನೆಯಲ್ಲಿ ಇದಕ್ಕೆ ‘ಇವರ ಗಿರಣಿ ಸುರು ಆತು’ ಎಂದು ಹೆಸರಿಟ್ಟಿದ್ದಾರೆ. ಹಿಟ್ಟಿನ ಗಿರಣಿಯಾದರೂ ಮನೆಗೆ ಹಿಟ್ಟು ಕೊಡುತ್ತದೆ, ಇದು ಏನು ಕೊಡುತ್ತದೆಂಬ ಪ್ರಶ್ನೆಗೆ ನಮ್ಮಲ್ಲಿ ಬಹುಕಾಲ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದು ಆ ಉತ್ತರವನ್ನೇ.

ಈ ಹುಚ್ಚು ನಮಗೆ ಹತ್ತಿದ ಬಗೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. 2013ರ ಭಾದ್ರಪದ. ಗಣಪತಿಯ ಮೆರವಣಿಗೆಗಾಗಿ ತಂದ ಡಿ.ಜೆ. ಪೆಟ್ಟಿಗೆಗಳನ್ನು ನಮ್ಮ ಶಾಲೆಯ ಕಂಪೌಂಡಿನ ಆಚೆ ಟ್ರ್ಯಾಕ್ಟರಿನ ಮೇಲೆ ಏರಿಸಿ ಪರೀಕ್ಷಿಸುತ್ತಿದ್ದರು. ಐದನೆಯ ಇಯತ್ತೆಯ ಪಾಠ ನಡೆದಿತ್ತು. ಕಿಟಕಿಯ ಗಾಜುಗಳು ಹಲ್ಲು ಕಡಿಯತೊಡಗಿದವು. ನಾವು ಕೋಲು ಹಿಡಿಯದ ಶಿಕ್ಷಕರೆಂದು ಹೆಸರಾದವರು. ಅಂದು ಮಾತ್ರ ಕೋಲನ್ನೇ ಹಿಡಿದು ಹೊರಗೆ ಹೋದೆವು. ಪೆಟ್ಟಿಗೆಗಳ ಮುಂದೆ ನಿಂತಿದ್ದವನು ನಮ್ಮಲ್ಲಿಯೇ ಏಳನೆಯವರೆಗೆ ಓದಿ, ಹತ್ತನೆಯದಾದ ಮೇಲೆ ಶಾಲೆ ಬಿಟ್ಟ ಹುಡುಗ.

“ಏ ತಮ್ಮಾ, ಸಾಲಿ ನಡದೈತಿ, ಕಾಣಸ್ತೈತೊ ಇಲ್ಲೊ?” ಎಂದು ಗದರಿದೆವು.

“ತಪ್ಪಾತ್ರಿ ಗುರುಗಳ. ಇದೊಂದ ಅರ್ಧಾ ನಿಮಿಷ ಕೇಳ್ರಿ, ಆಮ್ಯಾಲ ಬೈರಿ” ಎಂದ.

ಆ ಅರ್ಧ ನಿಮಿಷದಲ್ಲಿ ಅವನು ಕೇಳಿಸಿದ್ದು ಸ್ಕ್ರಿಲೆಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಅಮೆರಿಕದ ಸನ್ನಿ ಮೂರ್ ಎಂಬ ತರುಣನ ‘ಸ್ಕೇರಿ ಮಾನ್‌ಸ್ಟರ್ಸ್ ಆ್ಯಂಡ್ ನೈಸ್ ಸ್ಪ್ರೈಟ್ಸ್’ ಎಂಬ 2010ರ ರಚನೆ. ಮಗುವಿನ ಆಟಿಕೆಯಂಥ ಒಂದು ರಾಗ ಮೇಲಕ್ಕೇರುತ್ತ ಹೋಗಿ, ಥಟ್ಟನೆ ನಿಂತು, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ ಮುನ್ನಿನ ಗಳಿಗೆಯಷ್ಟು ಮೌನವಾಗಿ, ಆಮೇಲೆ ಭೂಮಿಯೊಳಗಿನಿಂದ ಯಾರೋ ಗುಡುಗಿದಂತೆ ಕೆಳಸ್ಥಾಯಿಯ ನಾದವೊಂದು ಎದ್ದಿತು. ಅದು ಕಿವಿಗಿಂತ ಮೊದಲು ಎದೆಗೆ ತಾಕಿತು. ಬೈಯುವುದನ್ನು ಮರೆತೆವು. ಇನ್ನೊಮ್ಮೆ ಹಚ್ಚಲು ಹೇಳಿದೆವೆಂಬುದನ್ನು ಇಷ್ಟು ವರ್ಷ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಶಿಕ್ಷಕನಿಗೆ ಒಂದು ವಿಷಯದಲ್ಲಿ ರುಚಿ ಹುಟ್ಟಿದರೆ ಅದರ ಮೂಲವನ್ನು ಅರಸದೆ ನಿದ್ದೆ ಬಾರದು. ಡಬ್‌ಸ್ಟೆಪ್ ಹುಟ್ಟಿದ್ದು ಅಮೆರಿಕದಲ್ಲಲ್ಲ. ಲಂಡನ್ನಿನ ದಕ್ಷಿಣ ಭಾಗದ ಕ್ರಾಯ್ಡನ್ ಎಂಬ ಉಪನಗರದಲ್ಲಿ, 2000ನೆಯ ಇಸವಿಯ ಆಸುಪಾಸಿನಲ್ಲಿ. ಅಲ್ಲಿ ‘ಬಿಗ್ ಆ್ಯಪಲ್’ ಎಂಬ ಒಂದು ಧ್ವನಿಮುದ್ರಿಕೆಗಳ ಅಂಗಡಿಯಿತ್ತು. ಸ್ಕ್ರೀಮ್, ಬೆಂಗಾ, ಹ್ಯಾಚಾ ಎಂಬ ಹೆಸರುಗಳಿಂದ ಬಳಿಕ ಪ್ರಸಿದ್ಧರಾದವರು ಆ ಅಂಗಡಿಯ ಸುತ್ತ ಬೆಳೆದ ಹುಡುಗರು. ಬಹುತೇಕ ಹದಿಹರೆಯದವರು, ಅವರ ವಾದ್ಯವೆಂದರೆ ಮನೆಯ ಕಂಪ್ಯೂಟರು.

ಅವರಿಗೂ ಹಿರಿಯರೊಬ್ಬರಿದ್ದರು. ಕೆರೀಬಿಯನ್ ಸಮುದ್ರದ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಕಿಂಗ್ ಟಬ್ಬಿ ಎಂಬವರು ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುವ ಕಸುಬಿನವರು. ಅವರು 1970ರ ದಶಕದಲ್ಲಿ ಮುದ್ರಿತ ಹಾಡಿನಿಂದ ಗಾಯಕನ ಧ್ವನಿಯನ್ನು ಅಲ್ಲಲ್ಲಿ ತೆಗೆದುಹಾಕಿ, ಮದ್ದಳೆಯಂಥ ತಾಳವಾದ್ಯವನ್ನೂ ಕೆಳಸ್ಥಾಯಿಯ ತಂತಿನಾದವನ್ನೂ ಮುಂದಕ್ಕೆ ತಂದು, ಪ್ರತಿಧ್ವನಿಯನ್ನು ಬೆರೆಸಿ ಹೊಸ ರೂಪಗಳನ್ನು ಮಾಡಿದರು. ಇದಕ್ಕೆ ‘ಡಬ್’ ಎಂದು ಹೆಸರು. ಜಮೈಕಾದಿಂದ ಇಂಗ್ಲೆಂಡಿಗೆ ದುಡಿಯಲು ಹೋಗಿ ನೆಲೆಸಿದವರು ತಮ್ಮೊಡನೆ ದೊಡ್ಡ ದೊಡ್ಡ ಧ್ವನಿಪೆಟ್ಟಿಗೆಗಳ ಪದ್ಧತಿಯನ್ನೂ ಒಯ್ದರು. ಆ ಡಬ್ಬಿನ ಮಂದ್ರವೂ ಲಂಡನ್ನಿನ ‘ಟೂ-ಸ್ಟೆಪ್’ ಎಂಬ ನೃತ್ಯಲಯವೂ ಕೂಡಿದ್ದೇ ಡಬ್‌ಸ್ಟೆಪ್. ತನ್ನ ನೆಲವನ್ನು ಬಿಟ್ಟು ಬಂದವರ ಮಕ್ಕಳು ಪರಸೀಮೆಯಲ್ಲಿ ನಾದವನ್ನು ಕಾಪಾಡಿಕೊಂಡ ಈ ಕಥೆ ಗಡಿಯಾಚೆ ಕನ್ನಡವನ್ನು ಕಾಪಾಡಿಕೊಂಡಿರುವ ನಮ್ಮಂಥವರಿಗೆ ಅಪರಿಚಿತವೆನಿಸಲಾರದು.

ಇದರ ಲಯದ ಲೆಕ್ಕ ಬಹು ಸ್ವಾರಸ್ಯವಾದುದು. ಮಿನಿಟಿಗೆ ಸುಮಾರು 140 ಮಾತ್ರೆಗಳು. ಆದರೆ ಜೋರಿನ ಪೆಟ್ಟು ಬೀಳುವುದು ನಾಲ್ಕರಲ್ಲಿ ಮೂರನೆಯ ಮಾತ್ರೆಯ ಮೇಲೆ ಮಾತ್ರ. ಆದ್ದರಿಂದ ಕೇಳುವ ದೇಹಕ್ಕೆ ಅದು 70ರ ನಡೆಯಂತೆ ತೋರುತ್ತದೆ. ಓಟವೂ ನಡಿಗೆಯೂ ಒಂದರೊಳಗೊಂದು ಅಡಗಿವೆ. ಇನ್ನು ಆ ಮಂದ್ರನಾದ. ಸೆಕೆಂಡಿಗೆ 40 ಕಂಪನಗಳ ಧ್ವನಿಯನ್ನು ಊಹಿಸಿರಿ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಎಂದರೆ ಅದರ ಒಂದೊಂದು ಅಲೆಯ ಉದ್ದ ಎಂಟೂವರೆ ಮೀಟರು, ಸುಮಾರು 28 ಅಡಿ. ನಮ್ಮ ಏಳನೆಯ ಇಯತ್ತೆಯ ಕೋಣೆಯ ಉದ್ದವೇ 20 ಅಡಿ! ಕೋಣೆಗಿಂತ ಉದ್ದವಾದ ಅಲೆಯನ್ನು ಬೆರಳಗಲದ ಮೊಬೈಲಿನ ಧ್ವನಿಪೆಟ್ಟಿಗೆ ಹೇಗೆ ಎಬ್ಬಿಸೀತು? ಮೊಬೈಲಿನಲ್ಲಿ ಕೇಳಿ ‘ಇದೇನು ಕಟಕಟ ಸದ್ದು’ ಎಂದು ಮೂಗುಮುರಿಯುವವರು ಅರ್ಧ ಸಂಗೀತವನ್ನು ಕೇಳಿಯೇ ಇಲ್ಲ.

2005ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಭಾಗದಲ್ಲಿ ಮಾಲಾ, ಕೋಕಿ, ಲೋಫಾ ಎಂಬವರು ‘ಡಿ.ಎಂ.ಝಡ್.’ ಎಂಬ ಸಂಗೀತರಾತ್ರಿಗಳನ್ನು ಆರಂಭಿಸಿದರು. ಮಂದ್ರದ ಭಾರವನ್ನು ಧ್ಯಾನಿಸಲು ಬನ್ನಿರೆಂಬುದು ಅವರ ಆಮಂತ್ರಣದ ಅರ್ಥವಾಗಿತ್ತು. ಕತ್ತಲು, ಸ್ವಲ್ಪ ಬೆಳಕು, ನಾದಗಳ ನಡುವೆ ಧಾರಾಳವಾದ ಬಯಲು. ಇದು ಆ ಕಾಲದ ರೀತಿ. 2007ರಲ್ಲಿ ಬರಿಯಲ್ ಎಂಬವನು ಹೊರತಂದ ‘ಅನ್‌ಟ್ರೂ’ ಎಂಬ ಸಂಕಲನವನ್ನು ಮಳೆಯ ರಾತ್ರಿ ಕೇಳಿದವರಿಗೆ ಈ ಮಾತು ತಿಳಿಯುತ್ತದೆ. ಸ್ಕ್ರಿಲೆಕ್ಸ್ ಬಂದದ್ದು ಇದಾದ ಮೇಲೆ. ಅವನು ಬಯಲನ್ನೆಲ್ಲ ತುಂಬಿಬಿಟ್ಟ. ರಾಕ್ ತಂಡವೊಂದರಲ್ಲಿ ಕಿರುಚಿ ಹಾಡಿ ಬಂದವನಾದ್ದರಿಂದ ಆ ಕಿರುಚಾಟವನ್ನು ಯಂತ್ರಕ್ಕೆ ಕಲಿಸಿದನೆನ್ನಬಹುದು. 2012ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಹಳೆಯ ಲಂಡನ್ ರಸಿಕರು ಮಾತ್ರ ಇದು ತಮ್ಮ ಸಂಗೀತದ ಅಪಭ್ರಂಶವೆಂದು ಮುಖ ತಿರುಗಿಸಿದರು. ನಮ್ಮ ಮೆರವಣಿಗೆಯ ಹುಡುಗರಿಗೆ ಮುಟ್ಟಿದ್ದು ಈ ಅಪಭ್ರಂಶವೇ.

ಇಷ್ಟು ಪೀಠಿಕೆಯ ಬಳಿಕ ಪ್ರಸ್ತುತ ವಿಷಯಕ್ಕೆ ಬರೋಣ. 2014ರ ‘ರೀಸೆಸ್’ ಎಂಬ ಸಂಕಲನದ ತರುವಾಯ ಒಂಬತ್ತು ವರ್ಷ ಸ್ಕ್ರಿಲೆಕ್ಸ್ ಪೂರ್ಣ ಸಂಕಲನವನ್ನು ಹೊರತರಲಿಲ್ಲ. 2015ರಲ್ಲಿ ತಾಯಿ ತೀರಿಕೊಂಡ ಮೇಲೆ ದುಃಖವನ್ನು ಕುಡಿತದಲ್ಲಿ ಮುಳುಗಿಸಲು ಯತ್ನಿಸಿದೆನೆಂದು ಅವನೇ ಬಹಿರಂಗವಾಗಿ ಬರೆದುಕೊಂಡಿದ್ದಾನೆ. ಆಮೇಲೆ 2023ರ ಫೆಬ್ರವರಿ 17ರಂದು ‘ಕ್ವೆಸ್ಟ್ ಫಾರ್ ಫೈರ್’, ಮರುದಿನವೇ ‘ಡೋಂಟ್ ಗೆಟ್ ಟೂ ಕ್ಲೋಸ್’ ಎಂಬ ಎರಡು ಸಂಕಲನಗಳು ಬಂದವು. ಅದೇ 18ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಫ್ರೆಡ್ ಅಗೇನ್ ಮತ್ತು ಫೋರ್ ಟೆಟ್ ಎಂಬ ಇಬ್ಬರು ಇಂಗ್ಲಿಷ್ ಮಿತ್ರರೊಡನೆ ಅವನ ಕಚೇರಿಯಾಯಿತು. ಈ ಎರಡರಲ್ಲಿ ಮೊದಲನೆಯದನ್ನು ಅಂದಿನಿಂದ ಇಂದಿನವರೆಗೆ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಟ್ಟಿಲ್ಲ. ಅವಸರದ ವಿಮರ್ಶೆ ನಮ್ಮದಲ್ಲ.

ಹದಿನೈದು ರಚನೆಗಳು, ಸುಮಾರು ಮುಕ್ಕಾಲು ಗಂಟೆ. ಇವುಗಳಲ್ಲಿ ‘ರಂಬಲ್’ ಎಂಬುದಕ್ಕೆ ನಾವು ಅಗ್ರಸ್ಥಾನ ಕೊಡುತ್ತೇವೆ. ಹಿಂದೆ ಹತ್ತು ಸದ್ದುಗಳನ್ನು ಒಮ್ಮೆಗೇ ಎಸೆಯುತ್ತಿದ್ದವನು ಇಲ್ಲಿ ಎರಡು ಮೂರನ್ನು ಮಾತ್ರ ಇರಿಸಿಕೊಂಡು ನಡುವೆ ಮೌನವನ್ನು ಬಿಟ್ಟಿದ್ದಾನೆ. ಪೂರ್ವ ಲಂಡನ್ನಿನ ಫ್ಲೋಡ್ಯಾನ್ ಎಂಬವನ ಧ್ವನಿಯಂತೂ ಹಗೇವಿನ ಒಳಗಿಂದ ಮಾತನಾಡಿದಂತಿದೆ. ಕೂಗುವುದಿಲ್ಲ, ತಗ್ಗಿದ ದನಿಯಲ್ಲಿಯೇ ಅಂಜಿಸುತ್ತಾನೆ. ಒಳ್ಳೆಯ ಶಿಕ್ಷಕರೂ ತರಗತಿಯನ್ನು ಆಳುವುದು ಹೀಗೆಯೇ. 2024ರ ಫೆಬ್ರವರಿಯಲ್ಲಿ ಈ ರಚನೆಗೆ ಗ್ರ್ಯಾಮಿ ದೊರೆತದ್ದು ಉಚಿತವೇ ಆಯಿತು. ‘ಟಿಯರ್ಸ್’ ಎಂಬುದರಲ್ಲಿ ಬ್ರಿಸ್ಟಲ್ ನಗರದ ಜೋಕರ್ ಜೊತೆಗಿದ್ದಾನೆ. ಇಂಗ್ಲೆಂಡಿನ ಹಳೆಯ ಡಬ್‌ಸ್ಟೆಪ್ಪಿಗೆ ತಲೆಬಾಗಿ ಬರೆದಂತಿರುವ ಈ ರಚನೆಯನ್ನು ಕೇಳಿದಾಗ, ಮುನಿಸಿಕೊಂಡಿದ್ದ ಮಗ ಹಿರಿಯರ ಮನೆಯ ಹೊಸ್ತಿಲಿಗೆ ಮರಳಿದ ನೆನಪಾಗುತ್ತದೆ.

‘ಎ ಸ್ಟ್ರೀಟ್ ಐ ನೋ’ ಎಂಬುದರಲ್ಲಿ ಎಲೈ ಕೆಸ್ಲರ್ ಎಂಬ ತಾಳವಾದ್ಯಗಾರನ ಸಣ್ಣ ಸಣ್ಣ ತಾಡನಗಳಿವೆ, ಸುಗ್ಗಿಯಲ್ಲಿ ಮೊರದಿಂದ ಜೋಳ ಉದುರಿದಂತೆ. ‘ಝೀನಾ’ ಎಂಬುದರಲ್ಲಿ ಪ್ಯಾಲೆಸ್ಟೈನಿನ ಗಾಯಕಿ ನಾಯ್ ಬರ್ಘೂತಿಯ ಕಂಠ ಯಂತ್ರಗಳ ಮಧ್ಯೆ ತಲೆಯೆತ್ತಿ ನಿಲ್ಲುತ್ತದೆ. ಯಂತ್ರ ಅವಳನ್ನು ನುಂಗಲಿಲ್ಲವೆಂಬುದು ಸಂಯೋಜಕನ ಸಂಯಮಕ್ಕೆ ಸಾಕ್ಷಿ.

ದೋಷಗಳೇ ಇಲ್ಲವೆಂದರೆ ಅದು ಭಕ್ತಿಯಾದೀತು, ವಿಮರ್ಶೆಯಾಗದು. ಮೊದಲನೆಯದಾಗಿ, ರಚನೆಗಳು ಬಹಳ ಮೊಟಕು. ‘ರಂಬಲ್’ ಕೂಡ ಎರಡೂವರೆ ನಿಮಿಷದೊಳಗೆ ಮುಗಿದುಬಿಡುತ್ತದೆ. ಎಲೆಗೆ ಬಡಿಸಿ, ಕಲಸುವಷ್ಟರಲ್ಲಿ ಎಲೆಯನ್ನೆತ್ತಿದ ಹಾಗೆ. ಎರಡನೆಯದಾಗಿ, ಅತಿಥಿಗಳು ಹೆಚ್ಚಾದರು. ಮನೆಯ ಯಜಮಾನ ಎಲ್ಲಿದ್ದಾನೆಂದು ಕೆಲವೆಡೆ ಹುಡುಕಬೇಕು. ‘ಟೂ ಬಿಝಾರ್’ ಎಂಬುದರ ಅವಸರ ನಮ್ಮ ವಯಸ್ಸಿಗೆ ಒಗ್ಗಲಿಲ್ಲ. ಮರುದಿನದ ಸಂಕಲನವಂತೂ ಹೆಚ್ಚಿನಂಶ ಮಾತು–ಹಾಡುಗಳ ಜನಪ್ರಿಯ ಧಾಟಿಯದು. ಮೊದಲನೆಯದರ ಒಳದನಿ ಅದರಲ್ಲಿ ನಮಗೆ ಕೇಳಿಸಲಿಲ್ಲ. 2025ರ ಏಪ್ರಿಲ್ 1ರಂದು ಅವನು ಹೊರತಂದ ಇನ್ನೊಂದು ಸಂಕಲನದ ಹೆಸರನ್ನು ಕುಟುಂಬ ಮಾಸಿಕದಲ್ಲಿ ಅಚ್ಚು ಮಾಡುವಂತಿಲ್ಲ. 46 ನಿಮಿಷಗಳಲ್ಲಿ 34 ತುಣುಕುಗಳು; ಹಳೆಯ ಗುಡುಗು ಮಿಂಚೆಲ್ಲ ತಿರುಗಿ ಬಂದಿವೆ. ಹುಡುಗರು ಕುಣಿದಾಡಿದರು. ನಾವು ‘ಕ್ವೆಸ್ಟ್ ಫಾರ್ ಫೈರ್’ಗೇ ಮರಳಿದೆವು.

ವಿಮರ್ಶೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಾವು ಈ ತಿಂಗಳು ಲೇಖನಿ ಹಿಡಿದದ್ದು ಅದಕ್ಕಾಗಿಯಷ್ಟೇ ಅಲ್ಲ.

ಟ್ರ್ಯಾಕ್ಟರಿನ ಬಳಿ ನಮಗೆ ಮೊದಲ ಪಾಠ ಹೇಳಿದ ಆ ಹುಡುಗನಿಗೆ ಈಗ ಮೂವತ್ತು ದಾಟಿದೆ. ಮದುವೆಯಾಗಿ ಒಂದು ಮಗುವಿದೆ. ಅವನದೇ ಡಿ.ಜೆ. ಪೆಟ್ಟಿಗೆಗಳಿವೆ. ಪತಸಂಸ್ಥೆಯಲ್ಲಿ ಸಾಲಕ್ಕೆ ಅರ್ಜಿ ಹಾಕಿದಾಗ ‘ಇವನು ಪ್ರಾಮಾಣಿಕನೂ ಕಷ್ಟಜೀವಿಯೂ ಆಗಿದ್ದಾನೆ’ ಎಂದು ಪತ್ರ ಬರೆದುಕೊಟ್ಟವರು ನಾವೇ. ಶಾಲೆಯ ಬಳಿ ಪೆಟ್ಟಿಗೆ ಹಚ್ಚಕೂಡದೆಂದು ಮಾತ್ರ ಕಟ್ಟು ಮಾಡಿದ್ದೆವು. ಅವನು ಅದನ್ನು ಎಂದೂ ಮೀರಲಿಲ್ಲ. ರವಿವಾರಗಳಂದು ಬಿಡುವಿದ್ದರೆ ಮನೆಗೆ ಬರುತ್ತಾನೆ. ಒಂದು ಸಣ್ಣ ಆದರೆ ಒಳ್ಳೆಯ ಪೆಟ್ಟಿಗೆಯನ್ನು ತಂದಿಟ್ಟು, ಇಬ್ಬರೂ ಹೊಸದು ಹಳೆಯದು ಕೇಳಿ ವಾದಿಸುತ್ತೇವೆ.

ಹೋದ ಚಳಿಗಾಲದ ಒಂದು ರವಿವಾರ ‘ಎ ಸ್ಟ್ರೀಟ್ ಐ ನೋ’ ಹಚ್ಚಿ, “ಆ ಸಣ್ಣ ಸಣ್ಣ ಪೆಟ್ಟು ಎಷ್ಟ ಚಂದ ಅದಾವ ನೋಡು” ಎಂದೆವು.

“ಯಾವ ಪೆಟ್ರಿ ಗುರುಗಳ?” ಎಂದ.

ಚೇಷ್ಟೆ ಮಾಡುತ್ತಿದ್ದಾನೆಂದುಕೊಂಡೆವು. ಅವನ ಮುಖದಲ್ಲಿ ಚೇಷ್ಟೆಯಿರಲಿಲ್ಲ. ಆಗ ನಮಗೆ ಒಂದೊಂದಾಗಿ ನೆನಪಾಗತೊಡಗಿತು: ಇತ್ತೀಚೆಗೆ ಅವನು ಮಾತನಾಡುವವರ ತುಟಿಯನ್ನೇ ನೋಡುತ್ತಾನೆ; ಕೇಳಿದ್ದಕ್ಕೆ ಬೇರೆಯೇ ಉತ್ತರ ಕೊಟ್ಟು ನಗುತ್ತಾನೆ; ‘ಸೊಕ್ಕ ಬಂದೈತಿ, ಕರೆದರೆ ತಿರುಗಿ ನೋಡಂಗಿಲ್ಲ’ ಎಂದು ಓಣಿಯವರು ಆಡಿಕೊಳ್ಳುತ್ತಾರೆ.

ನಮಗೆ ಗೊತ್ತಿರುವುದು ಒಂದೇ ಪರೀಕ್ಷೆ. ಹಾಳೆ ಪೆನ್ಸಿಲು ಕೊಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು, ಮೆಲುದನಿಯಲ್ಲಿ ಹತ್ತು ಪದಗಳ ಶುದ್ಧಲೇಖನ ಹೇಳಿದೆವು. ಆರು ತಪ್ಪು. ‘ಸಾಕು’ ಎಂದದ್ದನ್ನು ‘ಹಾಕು’ ಎಂದು ಬರೆದಿದ್ದ, ‘ಕಾಸು’ ಎಂಬುದು ‘ತಾಸು’ ಆಗಿತ್ತು, ‘ಸೊಸೆ’ಯು ‘ಹೊಗೆ’ಯಾಗಿದ್ದಳು. ಕೆಂಪು ಪೆನ್ನು ಹಿಡಿದು ನೋಡುತ್ತ ಹೋದಂತೆ ಕೈ ನಡುಗಿತು. ಸ್ವರಗಳೆಲ್ಲ ಸರಿಯಾಗಿದ್ದವು, ತಪ್ಪಿದ್ದು ಬರಿಯ ವ್ಯಂಜನಗಳು.

ಪಟ್ಟಣದ ಕಿವಿಯ ವೈದ್ಯರು ಕಾರಣವನ್ನು ವಿವರಿಸಿದರು. ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಸುಮಾರು 15,000ದಷ್ಟಿರುತ್ತವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಅಬ್ಬರದ ಸದ್ದು ಮೊದಲು ಕೊಲ್ಲುವುದು ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನ ಧ್ವನಿಗಳನ್ನು ಹಿಡಿಯುವ ಕೋಶಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಚುರುಕು ಇರುವುದು ಇಂಥ ಎತ್ತರದ ಕಂಪನಗಳಲ್ಲಿ. ಸ್ವರಗಳ ಬಲವಿರುವುದು ಕೆಳಗೆ. ಆದ್ದರಿಂದ ಇಂಥವನಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮಂದ್ರನಾದ ಮಾತ್ರ ಕಡೆಯವರೆಗೂ ಉಳಿಯುತ್ತದೆ.

ವಾಚಕರೇ, ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು ಇದು: ಮಗು ಹಿಂದುಳಿದರೆ ದಡ್ಡನೆನ್ನುವ ಮುನ್ನ ಕಣ್ಣನ್ನೂ ಕಿವಿಯನ್ನೂ ಪರೀಕ್ಷಿಸು. ಸಾವಿರಾರು ಮಕ್ಕಳ ವಿಷಯದಲ್ಲಿ ಅದನ್ನು ಪಾಲಿಸಿದ ನಾವು, ವಾರವಾರವೂ ಎದುರಿಗೆ ಕುಳಿತ ಈ ಒಬ್ಬನ ವಿಷಯದಲ್ಲಿ ಮರೆತೆವು. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರು ನಿಶ್ಶಬ್ದ ವಲಯವಿರಬೇಕೆಂದು 2000ದ ನಿಯಮಗಳು ಹೇಳುತ್ತವೆ. ಅದನ್ನು ಬಾಯಿಪಾಠ ಮಾಡಿ, ನಮ್ಮ ಮಕ್ಕಳನ್ನು ನೂರು ಮೀಟರು ದೂರವಿರಿಸಿದೆವು. ಪೆಟ್ಟಿಗೆಗೆ ಒಂದೇ ಮೀಟರು ದೂರದಲ್ಲಿ ರಾತ್ರಿಯಿಡೀ ನಿಲ್ಲುತ್ತಿದ್ದವನೂ ನಮ್ಮ ಮಗನೇ ಎಂಬುದು ಹೊಳೆಯಲಿಲ್ಲ. ಸಾಲಕ್ಕೆ ಪತ್ರ ಬರೆದ ಕೈಯಿಂದ ‘ಕಿವಿಗೆ ಏನಾದರೂ ಇಟ್ಟುಕೊಳ್ಳಪ್ಪಾ’ ಎಂದು ಒಂದು ಸಾಲು ಬರೆಯಲಿಲ್ಲ.

ಲೆಕ್ಕ ಕಠಿಣವೇನಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 100ಕ್ಕೆ ಏರಿದರೆ ಉಳಿಯುವುದು 15 ಮಿನಿಟು. ಮೆರವಣಿಗೆಯ ಪೆಟ್ಟಿಗೆಗಳ ಎದುರು 100 ದಾಟುವುದು ಸಾಮಾನ್ಯ. ಮೆರವಣಿಗೆ ಮುಗಿಯುವುದು ಐದಾರು ತಾಸಿಗೆ. ಸಂಗೀತ ನಡೆಯುವ ಸ್ಥಳಗಳಲ್ಲಿ 15 ಮಿನಿಟುಗಳ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡವನ್ನು ಕೊಟ್ಟಿದೆ. ಕಿವಿಗೆ ಇಡುವ ಫೋಮಿನ ಬಿರಡೆಗಳ ಬೆಲೆ ಒಂದು ಬಟ್ಟಲು ಚಹದ ಬೆಲೆಗೆ ಹತ್ತಿರ. ಬರಿಯ ಅರಳೆ ತುರುಕಿಕೊಂಡರೆ ಸಾಲದು.

ಹಾಗಾದರೆ ಆ ಸಂಗೀತವನ್ನೇ ಬಿಡಬೇಕೆ? ಬಿಡಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ. ಕೆಡುಕಿರುವುದು ಅಳತೆಯಲ್ಲಿ. ಮೌನವನ್ನು ನಡುವೆ ಬಿಟ್ಟಿದ್ದರಿಂದಲೇ ‘ರಂಬಲ್’ ದೊಡ್ಡದಾಯಿತೆಂಬುದನ್ನು ಸ್ಕ್ರಿಲೆಕ್ಸನೇ ತೋರಿಸಿಕೊಟ್ಟಿದ್ದಾನೆ. ನಾದದ ಭಾರ ಮೌನದಿಂದ ಬರುತ್ತದೆಂಬುದನ್ನು ಮೆರವಣಿಗೆಯ ಹಿರಿಯರೂ ಕಿರಿಯರೂ ತಿಳಿದರೆ ಸಾಕು.

ನಮ್ಮ ಹುಡುಗ ಈಗ ಬಿರಡೆ ಇಟ್ಟುಕೊಳ್ಳುತ್ತಾನೆ. ತನ್ನ ಕೈಕೆಳಗಿನ ಇಬ್ಬರು ಹುಡುಗರಿಗೂ ಕಡ್ಡಾಯ ಮಾಡಿದ್ದಾನೆ. ಸಾಲ ಇನ್ನೂ ಇರುವುದರಿಂದ ಕಸುಬು ಬಿಟ್ಟಿಲ್ಲ. ಶ್ರವಣಯಂತ್ರಕ್ಕೆ ಮನಸ್ಸು ಒಪ್ಪಿಲ್ಲ. ನಾವು ಬೆನ್ನು ಬಿಟ್ಟಿಲ್ಲ. ಓಣಿಯವರಿಗೆ, ಅದು ಸೊಕ್ಕಲ್ಲ, ಎದುರಿಗೆ ನಿಂತು ಮಾತನಾಡಿರೆಂದು ನಾವೇ ಮನೆಮನೆಗೆ ಹೋಗಿ ಹೇಳಿ ಬಂದೆವು. ಅವನ ಮಗು ತೊದಲು ನುಡಿಯತೊಡಗಿದೆ. ಅದರ ಮಾತಿನಲ್ಲಿ ಎಷ್ಟು ಅವನನ್ನು ಮುಟ್ಟುತ್ತದೆಯೋ ಎಂಬ ಚಿಂತೆ ಆ ತಾಯಿಯಂತೆ ನಮ್ಮನ್ನೂ ಕಾಡುತ್ತದೆ.

ಹೋದ ರವಿವಾರವೂ ಬಂದಿದ್ದ. ‘ರಂಬಲ್’ ಹಚ್ಚೆಂದ. ದನಿಯನ್ನು ತಗ್ಗಿಸಿಯೇ ಹಚ್ಚಿದೆವು. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಕುಳಿತು ಕೇಳಿದ.

“ಇದರ ಕೆಳಗಿಂದು ಪೂರಾ ಕೇಳಸ್ತೈತ್ರಿ, ಗುರುಗಳ” ಎಂದ.

ತಮ್ಮ ಮನೆಯಲ್ಲಿಯೂ ಇಂಥ ಕಸುಬಿನ ತರುಣರಿದ್ದರೆ, ಇಲ್ಲವೆ ಗಿರಣಿ, ಕಬ್ಬಿಣ ಕಾರ್ಖಾನೆ, ಕಲ್ಲುಗಣಿಗಳಲ್ಲಿ ದುಡಿಯುವವರಿದ್ದರೆ, ಅವರಿಗೆ ಹತ್ತು ಪದಗಳ ಶುದ್ಧಲೇಖನವನ್ನು ಹಿಂದೆ ನಿಂತು ಹೇಳಿ ನೋಡಿರಿ. ವ್ಯಂಜನ ತಪ್ಪಿದರೆ ತಡಮಾಡದೆ ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ತಿಂಗಳಿಗೆ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ.